ಹತ್ತು ಲಕ್ಷದ ಮೂರನೇ ಮೇಜು

ಅರ್ಜಿಗಳ ವಿಲೇವಾರಿಯಲ್ಲಿ ಪಕ್ಷಪಾತ ನಡೆಯುತ್ತಿದೆ ಎಂಬ ದೂರು ಬಂದ ಕಾರಣ, ಕಟ್ಟಡ ಪರವಾನಗಿ ಕಚೇರಿಯು ಒಂದು ಸೋಮವಾರದಿಂದ ವಿಭಜನಾ ನಿಯಮವನ್ನು ಜಾರಿಗೆ ತಂದಿತು. ಅರ್ಜಿಯ ಸಂಖ್ಯೆ ಯಾವ ಸಂಖ್ಯೆಯಿಂದ ಶೇಷವಿಲ್ಲದೆ ಭಾಗವಾಗುತ್ತದೋ ಆ ಸಂಖ್ಯೆಯ ಮೇಜಿಗೇ ಅದು ಹೋಗತಕ್ಕದ್ದು. ಕಚೇರಿಯಲ್ಲಿ ಸಾವಿರ ಮೇಜುಗಳಿದ್ದವು. ಒಂದನೆಯದು ಹಿರಿಯ ಅಧಿಕಾರಿಗಳದು. ಒಂದರಿಂದ ಎಲ್ಲ ಸಂಖ್ಯೆಯೂ ಭಾಗವಾಗುವುದರಿಂದ, ಕೆಲಸದ ಹೊರೆಯನ್ನು ಪರಿಗಣಿಸಿ, ತಮ್ಮ ಮೇಜಿಗೆ ಯಾವ ಅರ್ಜಿಯೂ ಬರಕೂಡದೆಂದು ಅವರೇ ಆದೇಶಿಸಿದ್ದರು.

ಅದೇ ವಾರದ ಗುರುವಾರ ಒಬ್ಬ ಹೊಲಿಗೆಯಾಕೆ ಅರ್ಜಿ ಕೊಟ್ಟಳು. ಗಾಲಿಕುರ್ಚಿ ಹಿಡಿದ ಮಾವ ಎರಡು ವರ್ಷದಿಂದ ಬೀದಿ ಕಂಡಿಲ್ಲ, ಮನೆಯ ಐದು ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸಲು ಅನುಮತಿ ಬೇಕು ಎಂದು ಅದರಲ್ಲಿತ್ತು. ಸಂಖ್ಯೆ ೧೦,೦೦,೦೦೩. ಸರದಿಯಲ್ಲಿ ಅವಳ ಮುಂದಿದ್ದವನದು ಸಮಸಂಖ್ಯೆ. ಅವನು ಎರಡನೇ ಮೇಜಿಗೆ ಹೋಗಿ ಮಧ್ಯಾಹ್ನದೊಳಗೆ ಮೂರು ಮಹಡಿಗೆ ಒಪ್ಪಿಗೆ ಪಡೆದ.

"ನಿಮ್ಮದು ಯಾವುದರಿಂದಲೂ ಭಾಗ ಹೋಗ್ತಿಲ್ಲಮ್ಮ," ಎಂದ ಗುಮಾಸ್ತ.

"ಅದಕ್ಕೆ ನಾನೇನು ಮಾಡ್ಲಿ ಸಾರ್?"

"ಭಾಗ ಆಗದಿದ್ರೆ ನಮಗೆ ಪಾಲು ಹೇಗೆ ಬರುತ್ತೆ?" ಎಂದವನು ಕೆಮ್ಮಿದ. "ಅಂದ್ರೆ, ಕೆಲಸದ ಪಾಲು."

ಮಾವ ನಿವೃತ್ತ ಲೆಕ್ಕದ ಮೇಷ್ಟ್ರು. ಸಾವಿರದೊಳಗಿನ ನೂರ ಅರವತ್ತೆಂಟು ಅವಿಭಾಜ್ಯ ಸಂಖ್ಯೆಗಳಿಂದಲೂ ಒಂದೊಂದಾಗಿ ಭಾಗಿಸಿ ನೋಡಿ, ಮೂರನೇ ದಿನ ಕನ್ನಡಕ ತೆಗೆದರು.

"ಇದೂ ಅವಿಭಾಜ್ಯವೇ ಕಣಮ್ಮ. ಒಂದನ್ನ ಬಿಟ್ರೆ ತನ್ನಿಂದ ಮಾತ್ರ ಭಾಗ ಹೋಗೋದು. ಎಂಥಾ ಚೆಂದದ ಸಂಖ್ಯೆ!"

"ಚೆಂದ ಕಟ್ಕೊಂಡು ಏನ್ಮಾಡೋಣ ಮಾವ? ನೀವು ಹೊರಗೆ ಬರಬೇಕಲ್ಲ."

ಅವರ ಲೆಕ್ಕದ ಹಾಳೆ ನೋಡಿ ಕಚೇರಿ ಹರ್ಷಪಟ್ಟಿತು. ತನ್ನಿಂದಲೇ ಭಾಗವಾಗುವ ಅರ್ಜಿಯು ಹತ್ತು ಲಕ್ಷದ ಮೂರನೇ ಮೇಜಿಗೆ ಹೋಗಬೇಕೆಂಬುದು ಸ್ಪಷ್ಟವಾಯಿತು. ನಡುವಿನ ಮೇಜುಗಳಿಲ್ಲದೆ ಅದೊಂದನ್ನೇ ತರುವುದು ಕ್ರಮಭಂಗವಾದ್ದರಿಂದ, ಆ ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ ಎರಡು ಮೇಜುಗಳನ್ನೂ ಖರೀದಿಸಲಾಯಿತು. ಹಿರಿಯ ಅಧಿಕಾರಿಗಳ ಭಾಮೈದನೇ ಪೂರೈಸಿದ. ಹೊರಗಿನವರನ್ನು ನಂಬುವ ಕಾಲವಲ್ಲ. ಅವೆಲ್ಲ ಕಾಗದದ ಮೇಲೆ ಸುಭದ್ರವಾಗಿವೆ. ಕೊನೆಯದು ಮಾತ್ರ ಮರದ್ದು.

ಕಚೇರಿಯಲ್ಲಿ ಜಾಗವಿಲ್ಲದ್ದರಿಂದ ಆ ಮೇಜನ್ನು ಹೊಲಿಗೆಯಾಕೆಯ ನಡುಮನೆಯಲ್ಲೇ ಹಾಕಲಾಯಿತು. ಹೊಲಿಗೆ ಯಂತ್ರ ಅಡುಗೆಮನೆಗೆ ಹೋಯಿತು. ಆ ಸಂಖ್ಯೆಯ ಮರ್ಮ ಬಲ್ಲವರು ಬೇರಾರೂ ಇಲ್ಲದ್ದರಿಂದ ಮೇಷ್ಟ್ರನ್ನೇ ಅಲ್ಲಿಗೆ ಅಧಿಕಾರಿಯಾಗಿ ನೇಮಿಸಲಾಯಿತು.

ಮೇಷ್ಟ್ರು ಅರ್ಜಿಯನ್ನು ಎರಡು ಸಲ ಓದಿದರು, ನಿಯಮಪುಸ್ತಕವನ್ನು ಒಂದು ಸಲ. ಅಧಿಕಾರಿಯು ಖುದ್ದಾಗಿ ಬೀದಿಯಲ್ಲಿ ನಿಂತು ಮೆಟ್ಟಿಲುಗಳನ್ನು ಪರಿಶೀಲಿಸತಕ್ಕದ್ದು ಎಂದಿತ್ತು. "ಇಳಿಜಾರು ಇಲ್ಲದ ಕಾರಣ ಅಧಿಕಾರಿಗೆ ಇಳಿಯಲಾಗಿಲ್ಲ. ಬಾಕಿ ಇಡಿ," ಎಂದು ಷರಾ ಬರೆದರು.

"ಪಕ್ಕದ ಮನೆಯವರನ್ನ ಕರೀತೀನಿ ಮಾವ. ಎತ್ತಿ ಇಳಿಸ್ತೀವಿ."

"ಅರ್ಜಿದಾರರ ಸಹಾಯ ತಗೊಂಡ್ರೆ ಪಕ್ಷಪಾತ ಅಂತಾರಮ್ಮ," ಎಂದರು ಮೇಷ್ಟ್ರು. ದನಿಯಲ್ಲಿ ನಿಜವಾದ ಸಂಕಟವಿತ್ತು.

ಈಗ ದಿನವೂ ಹನ್ನೊಂದು ಗಂಟೆಗೆ ಸೊಸೆ ಕೈ ಒರೆಸಿಕೊಂಡು ಅಡುಗೆಮನೆಯಿಂದ ಬಂದು ಮೇಜಿನ ಮುಂದೆ ನಿಲ್ಲುತ್ತಾಳೆ. ಮಾವ ತಲೆ ಎತ್ತದೆ, "ನಾಳೆ ಬಾಮ್ಮ," ಎನ್ನುತ್ತಾರೆ. ಅವಳು ಒಳಗೆ ಹೋಗಿ ಅವರಿಗೆ ಊಟಕ್ಕೆ ಇಡುತ್ತಾಳೆ.

ಕಚೇರಿ ಅಲೆಯುವ ಕಷ್ಟವಿಲ್ಲ, ಪುಣ್ಯವಂತೆ ಎಂದು ಓಣಿಯವರೆಲ್ಲ ಹೇಳುತ್ತಾರೆ.