ಗಾಡಿಗೆ ನೀರಡಿಕೆಯಾದಾಗ

ಸೇಡಂನ ಗುರುಲಿಂಗಪ್ಪನವರಿಗೆ ಅಪಾಯದ ಸೂಚನೆಗಳ ವಿಷಯದಲ್ಲಿ ಬಲು ಅನುಭವ. ಹೆಂಡತಿ ನೀಲಾಬಾಯಿಯ ಮೂಗಿನ ತುದಿ ಕೆಂಪಾದ ಕೂಡಲೇ ಚಪ್ಪಲಿ ಮೆಟ್ಟಿ ಪೇಟೆಗೆ ಹೊರಟುಬಿಡುವುದು, ಹೀಗೆಯೇ ಇಷ್ಟು ವರ್ಷ ಸಂಸಾರ ಉಳಿಸಿಕೊಂಡು ಬಂದಿದ್ದರು. ಕಾರಿನ ಕೆಂಪು ದೀಪ ಮಾತ್ರ ಕೈಕೊಟ್ಟಿತು.

ಅತ್ತೆ ಉಮಾದೇವಿಯವರನ್ನು ಚಿಮ್ಮನಚೋಡದ ಮಗನ ಮನೆಗೆ ಬಿಟ್ಟುಬರಬೇಕಿತ್ತು. ಕಾರು ಹಳೆಯದಾದರೂ ಎಸಿ ಉಂಟು. "ಅತ್ತಿಯವರಿಗಿ ಒಂದ್ ಹನಿ ಬೆವರ ಬರದಂಗ ತಂದು ಇಳಸ್ತೀನಿ" ಎಂದು ಭಾವಮೈದುನ ಸಂಗಮೇಶ್ವರನಿಗೆ ಫೋನಿನಲ್ಲೇ ರಾಜಘೋಷಣೆ ಹೊರಡಿಸಿದ್ದರು. ತಮ್ಮ ಯಾವ ಮಾತನ್ನೂ ನಂಬದ ಆ ಮನೆಯಲ್ಲಿ ಇದೊಂದಾದರೂ ನಿಜವಾಗಲಿ ಎಂಬುದು ಅವರ ಜೀವದಾಸೆ.

ಮೇ ತಿಂಗಳ ಮಧ್ಯಾಹ್ನ. ಹಿಂದಿನ ಸೀಟಿನಲ್ಲಿ ಅತ್ತೆ ಚಾದರ ಹೊದ್ದು ಕೂತಿದ್ದರು.

"ಅಳಿಯಂದ್ರ, ಈ ಥಂಡಿಗಿ ಮೊಣಕಾಲ ಹಿಡ್ಕೊಂಡಾವ್ರಿ."

"ರೂಢಿ ಆಗ್ತದ್ರಿ. ಆರಾಮ ಕುಂದ್ರಿ!"

ಆಗಲೇ ಕೆಂಪು ದೀಪ ಹತ್ತಿತು. ನೀರಿನ ಅಲೆಯಲ್ಲಿ ಮುಳುಗಿದ ಥರ್ಮಾಮೀಟರಿನ ಚಿತ್ರ.

"ಏನ್ರೀ ಅದು?" ನೀಲಾಬಾಯಿ ಕೇಳಿದರು.

"ಹೊರಗ ಬಿಸಲ ಭಾಳ ಅದ ಅಂತ ಹೇಳಾಕತ್ತದ."

"ನಮ್ಮ ಕಡಿ ಬಿಸಲ ಅದ ಅಂತ ಹೇಳಲಿಕ್ಕಿ ದೀಪ ಬೇಕೇನ್ರೀ? ಗಾಡಿಗಿ ನೀರಡಿಕಿ ಆಗ್ಯಾದ, ನಿಲ್ಲಸ್ರಿ."

"ಗಾಡಿ ಏನ್ ಎಮ್ಮಿ ಅಂತ ತಿಳದಿಯೇನು?" ಎಂದು ಗುರುಲಿಂಗಪ್ಪನವರು ಎಸಿಯನ್ನು ಇನ್ನಷ್ಟು ಜೋರು ಮಾಡಿದರು.

(ಕಾರು ಮಾರಿದವನು 'ಕೂಲಂಟ್ ನೋಡ್ಕೋತ ಇರ್ರಿ' ಎಂದಿದ್ದ. ಇಂಜಿನ್ ತಣ್ಣಗಿಡುವ ಆ ದ್ರವವನ್ನು ಎಸಿಯ ತಂಪಿಗೆ ಹಾಕುವ ಔಷಧಿ ಎಂದುಕೊಂಡ ಈ ಮಹಾಶಯರು, ಚಳಿಗಾಲವೆಲ್ಲ ಅದರ ಮುಖವನ್ನೇ ನೋಡಿರಲಿಲ್ಲ.)

ಸ್ವಲ್ಪ ದೂರದಲ್ಲೇ ಬಾನೆಟ್ಟಿನಿಂದ ಹಬೆ ಎದ್ದಿತು. ಬೇವಿನ ನೆರಳಿಗೆ ಗಾಡಿ ನಿಂತಿತು. ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಹೋದ ಗಂಡನನ್ನು ನೀಲಾಬಾಯಿ ತಡೆದರು. ಕೆಳಗಿಳಿದ ಕೂಡಲೇ ಬೀಸಣಿಗೆಯಾಗಿದ್ದ ಕಾರಿನ ಕೈಪಿಡಿ ಅವರ ಕೈಯಲ್ಲಿ ಈಗ ಪುಸ್ತಕವಾಗಿತ್ತು.

"ಬಿಸಿ ಇದ್ದಾಗ ಮುಟ್ಟಬಾರದಂತ. ತಣ್ಣಗಾದ ಮ್ಯಾಲ ನೀರ್ ಹಾಕಬೇಕಂತ. ಮತ್ತ..." ಅವರು ನಗು ನುಂಗಿದರು. "ಎಸಿ ಬಂದ್ ಮಾಡಿ ಹೀಟರ್ ಹಚ್ಚಬೇಕಂತ. ಇಂಜಿನ್ನಿನ ಬಿಸಿ ನಮ್ಮ ಕಡಿಗಿ ಬಂದುಬಿಡ್ತದಂತ."

"ಈ ಬಿಸಲಾಗ ಹೀಟರ್?"

"ಒಂದ್ ಹನಿ ಬೆವರ ಬರಂಗಿಲ್ಲ ಅಂದಿದ್ರಲ್ಲ. ಖರೇನೇ ಅದ. ಒಂದ್ ಹನಿ ಅಲ್ಲ, ಕೊಡಗಟ್ಟಲೆ ಬರ್ತದ."

ಇಂಜಿನ್ ತಣ್ಣಗಾದ ಮೇಲೆ ಕುಡಿಯಲು ತಂದಿದ್ದ ನೀರನ್ನೆಲ್ಲ ಗಾಡಿಯೇ ಕುಡಿಯಿತು. ದೀಪ ಆರಿತು. ಮತ್ತೆ ಹತ್ತೀತೆಂಬ ಭಯಕ್ಕೆ ಹೀಟರ್ ಹಚ್ಚಿಕೊಂಡೇ ನಿಧಾನವಾಗಿ ಚಿಮ್ಮನಚೋಡ ಮುಟ್ಟಿದರು.

ಎಸಿ ಗಾಳಿ ಸವಿಯಲೆಂದೇ ಕಾದಿದ್ದ ಸಂಗಮೇಶ್ವರ ಬಾಗಿಲು ತೆಗೆದು ಹಿಂದಕ್ಕೆ ಹಾರಿದ. "ಮಾವಾ, ಇದು ಎಸಿನೋ, ಒಲಿನೋ?"

ಗುರುಲಿಂಗಪ್ಪನವರು ಮುಖ ಒರೆಸಿಕೊಳ್ಳುತ್ತ ಕೆಳಗಿಳಿದರು. ಬೆವರಿನಲ್ಲಿ ಅಂಗಿ ಮೈಗೆ ಅಂಟಿತ್ತು. ಇದ್ದಬದ್ದ ಮರ್ಯಾದೆಯೂ ಕರಗಿ ಹೋಗಿತ್ತು. ಆದರೆ ಉಮಾದೇವಿಯವರು ಮಗನ ಕೈ ಸರಿಸಿ ತಾವೇ ಟಕ್ಕನೆ ಇಳಿದರು.

"ಮೊಣಕಾಲ ಎಷ್ಟ್ ಸಡಿಲ ಆಗ್ಯಾವ! ಮೊದಲೇ ಈ ಗಾಳಿ ಹಚ್ಚಬಾರದಿತ್ತೇನ್ರಿ ಅಳಿಯಂದ್ರ? ನಾ ಇಲ್ಲಿ ಇರಂಗಿಲ್ಲ, ನಿಮ್ಮ ಸಂಗಟೇ ವಾಪಸ್ ಬರ್ತೀನಿ. ಬ್ಯಾಸಗಿ ಮುಗಿಯೂತನಕ ದಿನಾ ಹಿಂಗೇ ಒಂದ್ ಸುತ್ತ ಹೊಡಸ್ರಿ."

ನೀಲಾಬಾಯಿ ಗಂಡನ ಮುಖ ನೋಡಿ ತಮ್ಮನನ್ನು ಕೂಗಿದರು:

"ತಮ್ಮಾ, ಲಗೂನ ಒಂದ್ ತಂಬಗಿ ನೀರ್ ತಾ. ಇಲ್ಲೂ ಕೆಂಪ್ ದೀಪ ಹತ್ಯಾದ!"