ಮೇಷ್ಟ್ರ ಮನೆಯ ಸಣ್ಣ ಕಂಪನಿ

ಹೊಸ ಕಂಪ್ಯೂಟರಿನ ಪೆಟ್ಟಿಗೆ ಬಾಗಿಲಿಗೆ ಬಂದು ನಿಂತಾಗ ಗಣಿತದ ಮೇಷ್ಟ್ರಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಹೆಂಡತಿ ಒಂದು ಮಾತೂ ಕೇಳದೆ ತರಿಸಿದ್ದಳು. ಆಕೆ ಮನೆಯಲ್ಲೇ ಕೂತು ಮಕ್ಕಳ ಪಠ್ಯಪುಸ್ತಕಕ್ಕೆ ಚಿತ್ರ ಮಾಡಿಕೊಡುವವಳು. ನಾಳೆ ಸಂಜೆಯೊಳಗೆ ನಲವತ್ತು ಪುಟ ಪ್ರಕಾಶಕರ ಕೈ ಸೇರಬೇಕು. ಹಳೆಯ ಕಂಪ್ಯೂಟರ್ ಒಂದು ಚಿತ್ರ ತೆರೆಯುವಷ್ಟರಲ್ಲಿ ಬಟ್ಟೆಯೆಲ್ಲ ಒಗೆದು ಹರವಿ ಬರಬಹುದು ಎಂದು ತಿಂಗಳಿಂದ ಗೊಣಗುತ್ತಿದ್ದಳು. (ಮೇಷ್ಟ್ರ ಕಿವಿಗೆ ಅದು ಬಿದ್ದಿತ್ತು. ಬಿದ್ದದ್ದನ್ನು ಅವರು ಎತ್ತಿಕೊಂಡಿರಲಿಲ್ಲ, ಅಷ್ಟೆ.)

ಆಕೆ ಸ್ನಾನಕ್ಕೆ ಹೋಗಿದ್ದಳು. ಕೈಗೆ ಸಿಕ್ಕವನು ಕೊರಿಯರ್‌ನವನು.

ಹೊಸದೆಂದರೆ ಅದರ ಮಿದುಳು, ಅಂದರೆ ಪ್ರೊಸೆಸರ್ ಚಿಪ್ಪು, ದೊಡ್ಡ ಕಂಪನಿಯದೇ ಎಂದು ಮೇಷ್ಟ್ರು ಆಗಲೇ ತೀರ್ಮಾನಿಸಿಯಾಗಿತ್ತು. ಪೆಟ್ಟಿಗೆಯ ಕಡೆ ತಿರುಗಿಯೂ ನೋಡದೆ, ಅದಕ್ಕೆ ಪೈಪೋಟಿಯಾಗಿ ಚಿಪ್ಪು ಮಾಡುವ ತಮ್ಮ ಪ್ರೀತಿಯ ಸಣ್ಣ ಕಂಪನಿಯ ಇತಿಹಾಸವನ್ನು ಹೊಸಿಲಲ್ಲೇ ಬಿಚ್ಚಿದರು. ದೊಡ್ಡವರು ಬಾಯಿಗೆ ಬಂದ ಬೆಲೆ ಹೇಳುತ್ತಿದ್ದ ಕಾಲದಲ್ಲಿ ಅಗ್ಗಕ್ಕೆ ಅದೇ ಕೆಲಸ ಮಾಡಿಕೊಟ್ಟವರು ಯಾರು? ಮೈಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರೆ ವೇಗ ಹೆಚ್ಚುತ್ತಿದ್ದ ಚಿಪ್ಪು ಯಾರದು? (ಮೇಷ್ಟ್ರೂ ಎಳೆದಿದ್ದರು. ಎರಡನೆಯ ಗೆರೆಗೆ ಹೊಗೆ ಎದ್ದದ್ದನ್ನು ಇತಿಹಾಸದಿಂದ ಕೈಬಿಟ್ಟಿದ್ದರು.) ಒಂದೇ ಚಿಪ್ಪಿನಲ್ಲಿ ಮೂರು ಕೋರ್, ಅಂದರೆ ಮೂರು ಮಿದುಳು, ಎಂದು ಮಾರಿ, ಒಳಗೆ ನಾಲ್ಕನೆಯದನ್ನೂ ಬಚ್ಚಿಟ್ಟು ಕೊಟ್ಟ ಪುಣ್ಯಾತ್ಮರು ಯಾರು? ಅಂಥವರ ಚಿಪ್ಪು ಮನೆಯೊಳಗೆ ದುಡಿಯುತ್ತಿರುವಾಗ ಈ ಡಬ್ಬ ತಂದು ನಿಲ್ಲಿಸುವುದಕ್ಕೆ ಎಷ್ಟು ಸೊಕ್ಕು?

ಕೊರಿಯರ್‌ನವನು ಸಹಿ ಹಾಕುವ ಜಾಗ ತೋರಿಸಿದ. ಮೇಷ್ಟ್ರು ‘ಬೇಡ’ ಎಂದು ಅಚ್ಚಾಗಿದ್ದ ಕಡೆ ಕಾಗದ ಹರಿಯುವಂತೆ ಗೀಚಿ ಪೆಟ್ಟಿಗೆಯನ್ನು ವಾಪಸ್ ಅಟ್ಟಿದರು.

ಹೆಂಡತಿ ತಲೆಗೆ ಟವೆಲ್ ಸುತ್ತಿಕೊಂಡು ಬಂದು, ಬಂತಾ ಎಂದಳು.

"ಬಂತು. ಹೋಯ್ತು. ನಾನಿರೋವರೆಗೂ ಈ ಮನೇಲಿ ದೊಡ್ಡ ಕಂಪನಿಯ ಚಿಪ್ಪು ಓಡಲ್ಲ."

ಆಕೆ ಕೂಗಾಡಲಿಲ್ಲ, ಮೇಷ್ಟ್ರಿಗೆ ಸ್ವಲ್ಪ ದಿಗಿಲಾದದ್ದೇ ಅದಕ್ಕೆ. ಹಳೆಯ ಕಂಪ್ಯೂಟರಿನ ಮುಂದೆ ಕೂತು, ಅದರ ಕುಲಗೋತ್ರವೆಲ್ಲ ಬರೆದಿರುವ ಪುಟವನ್ನು ಪರದೆಯ ಮೇಲೆ ತೆರೆದಳು. (ನಂಬಿಕೆಯುಳ್ಳವರು ಅದನ್ನು ತೆರೆಯುವುದಿಲ್ಲ.) ಪ್ರೊಸೆಸರ್ ಎಂಬಲ್ಲಿ ದೊಡ್ಡ ಕಂಪನಿಯ ಹೆಸರಿತ್ತು.

"ಮೂರು ವರ್ಷದ ಹಿಂದೆ ನೀವು ಪರೀಕ್ಷೆ ಪೇಪರ್ ತಿದ್ದೋಕೆ ಹೋಗಿದ್ರಲ್ಲ, ಆಗ ನಿಮ್ಮ ಚಿಪ್ಪು ಸತ್ತೋಯ್ತು ರೀ. ರಿಪೇರಿಯವನ ಹತ್ರ ಇದ್ದದ್ದು ಇದೊಂದೇ. ಬೋರ್ಡ್ ಸಮೇತ ಹಾಕಿಸಿದೆ. ನಿಮಗೆ ಸಂಕಟ ಆಗುತ್ತೆ ಅಂತ ಬಾಯಿ ಬಿಡಲಿಲ್ಲ."

ಮೂರು ವರ್ಷದಿಂದ ಮನೆಗೆ ಬಂದ ನೆಂಟರೆದುರು ಮೇಷ್ಟ್ರು ಕೊಂಡಾಡಿದ್ದು ಇದನ್ನೇ. ಹಾಗಾದರೆ ಇವತ್ತು ಬಂದದ್ದು ಯಾರದು ಎಂದು ಸಣ್ಣ ದನಿಯಲ್ಲಿ ಕೇಳಿದರು.

"ನಿಮ್ಮ ಸಣ್ಣ ಕಂಪನಿಯದು. ಇಪ್ಪತ್ತು ವರ್ಷ ನಿಮ್ಮ ಪುರಾಣ ಕೇಳಿ ಕೇಳಿ, ಕೊನೆಗೆ ನಾನೂ ನಂಬಿದೆ. ಪೆಟ್ಟಿಗೆ ಮೇಲೆ ಇಷ್ಟು ದಪ್ಪಕ್ಷರದಲ್ಲಿ ಬರೆದಿತ್ತು."

ಮೇಷ್ಟ್ರು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದರು. ವ್ಯಾನ್ ಹೋಗಿಬಿಟ್ಟಿತ್ತು. ಕೊರಿಯರ್ ಆಫೀಸಿಗೆ ಫೋನ್ ಮಾಡಿದರೆ, ವಾಪಸ್ ಕಳಿಸಿದ್ದು ಮತ್ತೆ ಬರಲು ಐದು ದಿನ ಎಂದರು. ಇಷ್ಟು ಹೊತ್ತು ಊರ ಮೇಲಿದ್ದ ಕೋಪಕ್ಕೆ ಈಗ ಇಳಿಯಲು ಜಾಗವೇ ಇರಲಿಲ್ಲ, ತಮ್ಮೊಬ್ಬರ ತಲೆ ಬಿಟ್ಟರೆ.

ಒಳಗೆ ಬಂದಾಗ ಹೆಂಡತಿ ಪ್ರಕಾಶಕರ ಹತ್ತಿರ ಒಂದು ವಾರದ ಸಮಯ ಬೇಡುತ್ತಿದ್ದಳು. ಆ ಕಡೆಯವರು ಇಷ್ಟು ತಡಕ್ಕೆ ಕಾರಣ ಏನೆಂದು ಕೇಳಿರಬೇಕು. ಆಕೆ ಗಂಡನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಕಾರಣ ಇಲ್ಲೇ ಬಾಗಿಲಲ್ಲಿ ನಿಂತಿದೆ ಸಾರ್, ಮಾತಾಡಿ" ಎಂದು ಫೋನನ್ನು ಮೇಷ್ಟ್ರ ಕೈಗೆ ಕೊಟ್ಟಳು.