ಹಿಮದಡಿಯ ಮಿತೋಬೆ

ಮಿತೋಬೆ ತನ್ನ ಬೀಕನ್ ಯಂತ್ರವನ್ನು ತಾನೇ ಹಿಮದಲ್ಲಿ ಹೂತು, ಎಲ್ಲಿ ಹೂತೆ ಎನ್ನುವುದನ್ನು ಮರೆಯಲಿಕ್ಕೆಂದು ಮನೆಯೊಳಗೆ ಹೋಗಿ ಚಹಾ ಕುಡಿಯುತ್ತ ಕೂತ. ಆ ದಿನದ ಅಷ್ಟೂ ಫಜೀತಿಗೆ ಅದೇ ಮೂಲ.

ಶಿರಾನುಮಾ ಎಂಬ ಬೆಟ್ಟದೂರಿನಲ್ಲಿ ಅವನದು ಕ್ಷೌರದಂಗಡಿ. ಚಳಿಗಾಲ ಬಂತೆಂದರೆ ಕುರ್ಚಿಯಲ್ಲಿ ಕೂತವರೆಲ್ಲ ಆಡುವುದು ಬೆಟ್ಟದ ಮಾತೇ. ಜನರನ್ನು ಬೆಟ್ಟದ ಮೇಲಕ್ಕೆ ಎಳೆದೊಯ್ಯುವ ಲಿಫ್ಟು ಮುಗಿದ ಮೇಲೂ ಹತ್ತಿ ಹೋಗಿ, ಯಾರೂ ತುಳಿಯದ ಇಳಿಜಾರಿನಲ್ಲಿ, ಎದೆಯವರೆಗೆ ಹಿಟ್ಟಿನಂಥ ಹಿಮ ಎಬ್ಬಿಸುತ್ತ ಸ್ನೋಬೋರ್ಡಿನ ಹಲಗೆಯ ಮೇಲೆ ಜಾರಿ ಇಳಿದು ಬಂದ ಕತೆಗಳು. ಕತ್ತರಿ ಆಡಿಸುತ್ತ "ಹೌದಾ? ಆಮೇಲೆ?" ಅಂದೂ ಅಂದೂ ಮಿತೋಬೆಗೆ ಸಾಕಾಗಿತ್ತು. ಲಿಫ್ಟಿನ ಪಕ್ಕದ ಇಳಿಜಾರಿನಲ್ಲಿ ಅವನೂ ಚೆನ್ನಾಗಿಯೇ ಜಾರುತ್ತಿದ್ದ. ಬೆಟ್ಟದಾಚೆಗೆ ಹೋಗಬೇಕಾದರೆ ಮಾತ್ರ ನಾಗುಮೊ ಟೀಚರ್ ಒಪ್ಪಬೇಕು.

ನಾಗುಮೊ ಟೀಚರ್ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು. ತಲೆ ನರೆತ ಗಂಡಸರೂ ಅವರನ್ನು ಕಂಡರೆ ಜೇಬಿನಿಂದ ಕೈ ತೆಗೆದು ನೆಟ್ಟಗೆ ನಿಲ್ಲುತ್ತಿದ್ದರು. ಬೆಟ್ಟಕ್ಕೆ ಹೊರಡುವ ಹಿಂದಿನ ಸಂಜೆ ಪ್ರತಿಯೊಬ್ಬರೂ ಅವರ ಮನೆಗೆ ಚೀಲ ಹೊತ್ತು ಹೋಗಬೇಕು. ಅವರು ಬಿಚ್ಚಿ ನೋಡುತ್ತಾರೆ. ಸಲಿಕೆ, ಹಿಮ ಚುಚ್ಚಿ ನೋಡುವ ಉದ್ದನೆಯ ಕೋಲು, ಬೀಕನ್. ಹಿಮ ಕುಸಿದು ಒಳಗೆ ಸಿಕ್ಕಿದವರ ಎದೆಯ ಮೇಲಿನ ಬೀಕನ್ ಸದ್ದಿಲ್ಲದೆ ಕೂಗುತ್ತಿರುತ್ತದೆ, ಹೊರಗಿನವರ ಬೀಕನ್ ಅದನ್ನು ಕೇಳಿ ದಾರಿ ತೋರಿಸುತ್ತದೆ. ಒಂದು ಸಾಮಾನು ಕಮ್ಮಿಯಾದರೂ "ಮುಂದಿನ ಸಲ ನೋಡೋಣ" ಅನ್ನುತ್ತಾರೆ ಟೀಚರ್. ಹೋದ ಚಳಿಗಾಲ ಮಿತೋಬೆಯ ಸಲಿಕೆ ಪ್ಲಾಸ್ಟಿಕ್ಕಿನದು ಅಂತ ಹೀಗೇ ಅಂದಿದ್ದರು.

ಮರುದಿನವೂ ಅಂಗಡಿ ಮುಚ್ಚಿ ಬೆಟ್ಟಕ್ಕೆ ಹೊರಡುವುದೆಂದು ಈ ಸಲ ಅವನು ಎಲ್ಲ ಹೊಂದಿಸಿಕೊಂಡಿದ್ದ. ಹತ್ತುವಾಗ ಎರಡು ಸೀಳಾಗಿ ಬಿಚ್ಚಿಕೊಳ್ಳುವ ಹಲಗೆ, ಹಿಂದಕ್ಕೆ ಜಾರದಂತೆ ಅದರಡಿಗೆ ಅಂಟಿಸಿಕೊಳ್ಳುವ ರೋಮದ ಪಟ್ಟಿ, ಕಬ್ಬಿಣದ ಸಲಿಕೆ, ಹೆಂಡತಿ ಚಿಜುರು ನೋಡಿದವಳೇ "ರೀ, ಇದೇನು, ಕಿತ್ತಳೆ ಹಣ್ಣಿಗೆ ಕಾಲು ಬಂದ ಹಾಗಿದೆ" ಎಂದಿದ್ದ ಹೊಸ ಕೋಟು. ಉಳಿದದ್ದು ಹುಡುಕುವ ಅಭ್ಯಾಸವೊಂದೇ. ಅದಕ್ಕೆಂದು ಅಂಚೆಯ ಒನೊದೆರಾನಿಂದ ಇನ್ನೊಂದು ಬೀಕನ್ ಕೇಳಿ ತಂದು, ತನ್ನದನ್ನು ಊಟದ ಡಬ್ಬಿಯಲ್ಲಿಟ್ಟು ಅಂಗಳದಂಚಿನ ಹಿಮದ ಗುಡ್ಡೆಯಲ್ಲಿ ಹೂತಿದ್ದ.

ಚಹಾ ಮುಗಿಸಿ, ಕೋಟು, ಹೆಲ್ಮೆಟ್ಟು, ಅರ್ಧ ಮುಖ ಮುಚ್ಚುವ ಹಿಮಗನ್ನಡಕ ಎಲ್ಲ ಏರಿಸಿಕೊಂಡು ಹೊರಗೆ ಬಂದು ನೋಡುತ್ತಾನೆ, ಅಂಗಳ ಈಗಷ್ಟೇ ಬೋಳಿಸಿದ ಗಲ್ಲದ ಹಾಗೆ ನುಣ್ಣಗಿದೆ. ಪಕ್ಕದ ಮನೆಯ ಕನಾಮೊರಿ ತಾತ ಹಿಮ ತೆಗೆಯುವ ಯಂತ್ರಕ್ಕೊರಗಿ ನಗುತ್ತಿದ್ದರು.

"ವಾರಕ್ಕೊಂದು ರಜೆ ನಿಮಗೆ, ಅದ್ರಲ್ಲೂ ಯಾಕೆ ಸೊಂಟ ಮುರ್ಕೋಬೇಕು ಅಂತ ನಾನೇ ತೆಗೆದುಬಿಟ್ಟೆ. ರಸ್ತೆಗೆ ಹಾಕಿದ್ನಾ, ಅಷ್ಟರಲ್ಲಿ ಪುರಸಭೆ ಲಾರೀನೂ ಬಂತು. ತುಂಬ್ಕೊಂಡು ಹೋದ್ರು. ನೋಡಿ, ಒಂದು ಚೂರು ಉಳಿದಿದ್ಯಾ?"

"ಇಲ್ಲ ತಾತ," ಎಂದ ಮಿತೋಬೆ. "ಒಂದು ಚೂರೂ ಉಳಿದಿಲ್ಲ. ತುಂಬಾ ಉಪಕಾರವಾಯ್ತು." ಸೊಂಟ ಬಗ್ಗಿಸಿ ಇನ್ನೊಮ್ಮೆ ವಂದಿಸಿದ. ಎಂಬತ್ತು ದಾಟಿದ ಮನುಷ್ಯ ಅಷ್ಟು ಸಂತೋಷದಲ್ಲಿ ನಿಂತಿರುವಾಗ ಇನ್ನೇನು ಹೇಳಲಾಗುತ್ತದೆ?

ಊರಿನ ಹಿಮವನ್ನೆಲ್ಲ ಸುರಿಯುವುದು ಹೊಳೆದಂಡೆಯ ಬಯಲಿನಲ್ಲಿ. ಮಿತೋಬೆ ಅಲ್ಲಿಗೆ ಗಾಡಿ ಓಡಿಸಿದ. ಅದೇನು ಗುಡ್ಡೆಯೇ? ಊರಿಗೊಂದು ಎರಡನೆಯ ಬೆಟ್ಟ. ಅವಸರದಲ್ಲಿ ಫೋನು ಮನೆಯಲ್ಲೇ ಬಿಟ್ಟು ಬಂದದ್ದು ಆಗ ಗೊತ್ತಾಯಿತು. ಕಾವಲುಗಾರನ ಗುಡಿಸಿಲಿನಿಂದ ಒನೊದೆರಾಗೆ ಫೋನು ಮಾಡಿದ.

"ನಿನ್ನ ಬೀಕನ್ ಸಂಜೆವರೆಗೆ ಇರ್ಲಿ ಕಣಯ್ಯ. ನಂದು ಹೊಳೆದಂಡೆ ಹಿಮದಡಿ ಸಿಕ್ಕೊಂಡಿದೆ. ಹುಡುಕ್ಬೇಕು. ಟೀಚರಿಗೆ ಮಾತ್ರ ಹೇಳ್ಬೇಡ."

ಒನೊದೆರಾ ಒಳ್ಳೆಯವನು. ಟೀಚರಿಗೆ ಹೇಳಲಿಲ್ಲ. ಸೊಬಾ ಶಾವಿಗೆ ಅಂಗಡಿಯ ಹೆಂಗಸಿಗೆ ಮಾತ್ರ, ಕಾಗದ ಕೊಡುವಾಗ ಹೇಳಿದ: "ಪಾಪ, ಮಿತೋಬೆಯವರದು ಹೊಳೆದಂಡೆ ಹಿಮದಡಿ ಸಿಕ್ಕೊಂಡಿದ್ಯಂತೆ." ಆಕೆ ಅದನ್ನು ಔಷಧಿ ಅಂಗಡಿಗೆ ಮುಟ್ಟಿಸುವಷ್ಟರಲ್ಲಿ 'ಮಿತೋಬೆಯವರದು' ಎಂಬುದರ 'ದ' ದಾರಿಯಲ್ಲೆಲ್ಲೋ ಉದುರಿ 'ಮಿತೋಬೆಯವರು' ಆಯಿತು. ಔಷಧಿ ಅಂಗಡಿಯಿಂದ ಅಗ್ನಿಶಾಮಕದವರಿಗೆ ಸುದ್ದಿ ತಲುಪಿದಾಗ ಮಿತೋಬೆಯವರೇ ಹಿಮದಡಿ ಸಿಕ್ಕಿಕೊಂಡಿದ್ದರು.

ಇತ್ತ ಮಿತೋಬೆ ಒನೊದೆರಾನ ಬೀಕನ್ ಹಿಡಿದು ಗುಡ್ಡೆಯ ಸುತ್ತ ಅಲೆಯುತ್ತಿದ್ದ. ಹೊಳೆಯ ಕಡೆಯಿಂದ ಗಾಳಿ ಎದ್ದು ಹಿಮದ ಪುಡಿ ಮುಖಕ್ಕೆ ಎರಚತೊಡಗಿತು. ಕೊರಳಿನ ಬಟ್ಟೆಯನ್ನು ಮೂಗಿನವರೆಗೆ ಎಳೆದುಕೊಂಡ; ಈಗ ಮುಖ ಒಂದಿಷ್ಟೂ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಗಾಡಿಗಳ ಸಾಲು ಬಂದು ನಿಂತಿತು. ರಕ್ಷಣಾ ತಂಡದ ಮುಖ್ಯಸ್ಥ ಇಬುಕಿ, ಅವರ ಜನ, ಅರ್ಧ ಊರು. ಎಲ್ಲರಿಗಿಂತ ಮುಂದೆ ನಾಗುಮೊ ಟೀಚರ್.

"ಬೀಕನ್ ಎಲ್ಲಾ ಹುಡುಕೋ ಕಡೆಗೆ ತಿರುಗಿಸಿ! ಸಾಲಾಗಿ ನಿಲ್ಲಿ! ಮಾತಾಡೋರು ಮನೆಗೆ ಹೋಗಿ!"

ಏನೋ ದೊಡ್ಡ ಅನಾಹುತವೇ ಆಗಿದೆ ಎಂದುಕೊಂಡ ಮಿತೋಬೆ. ಪಕ್ಕದಲ್ಲಿ ನಿಂತವನನ್ನು ಕೇಳಿದ: "ಯಾರು ಸಿಕ್ಕೊಂಡಿದ್ದಾರೆ?"

"ಕ್ಷೌರದಂಗಡಿ ಮಿತೋಬೆ."

ಮಿತೋಬೆಗೆ ಒಂದು ಕ್ಷಣ ತನಗಾಗಿ ನಿಜಕ್ಕೂ ದುಃಖವಾಯಿತು. ಆಮೇಲೆ ಟೀಚರ್ ಹತ್ತಿರ ಓಡಿದ. "ಟೀಚರ್, ನಾನೇ..."

"ನೀವೇ ಅಗೀರಿ, ಬೇಡ ಅಂದೋರ್ಯಾರು? ಸಲಿಕೆ ಇದ್ಯಲ್ಲ!"

"ಅದಲ್ಲ, ನಾನೇ..."

"ಅಲ್ಲೊಬ್ಬ ಮನುಷ್ಯ ಉಸಿರು ಕಟ್ಟಿ ಬಿದ್ದಿದ್ದಾನೆ, ನಿಮಗೆ ನಾನು ನಾನು ಅನ್ನೋದೇ ಆಯ್ತಲ್ಲ! ಅಗೀರಿ!"

ಶಾಲೆಯಲ್ಲಿ ಬಿದ್ದ ಅಭ್ಯಾಸ. ಅವನ ಕೈಗಳು ತಾವಾಗಿಯೇ ಅಗೆಯತೊಡಗಿದವು. ಮುಂದೆ ಎಲ್ಲೋ ಬೀಕನ್ ಒಂದು ಪೀ ಎಂದಿತು. ಸಾಲು ಅತ್ತ ಓಡಿತು, ಅವನೂ ಓಡಿದ. ಈಗ ಬಾಯಿ ಬಿಟ್ಟರೆ ಇಷ್ಟು ಜನರ ಮುಖ ನೋಡುವುದು ಹೇಗೆ? ಡಬ್ಬಿ ಸಿಕ್ಕ ಕೂಡಲೇ ಎತ್ತಿಕೊಂಡು ಮೆಲ್ಲಗೆ ಜಾರಿಬಿಡೋಣ ಎಂದು ಎಲ್ಲರಿಗಿಂತ ಜೋರಾಗಿ ಅಗೆದ.

ಅಗೆಯುತ್ತ ಅಗೆಯುತ್ತ ತನ್ನ ಬಗ್ಗೆ ಊರಿನ ಅಭಿಪ್ರಾಯವೂ ಕಿವಿಗೆ ಬಿತ್ತು.

"ಬಂಗಾರದಂಥ ಮನುಷ್ಯ," ಎಂದ ಔಷಧಿ ಅಂಗಡಿಯವನು.

"ಹೂಂ. ಎಡಗಿವಿ ಪಕ್ಕ ಮಾತ್ರ ಯಾವಾಗ್ಲೂ ಜಾಸ್ತಿ ಕತ್ತರಿಸ್ತಿದ್ರು."

"ನಿಮಗೂನಾ? ನಾನು ನನ್ನ ಕಿವೀನೇ ಸೊಟ್ಟ ಅಂದ್ಕೊಂಡಿದ್ದೆ!"

ಮಿತೋಬೆ ಇನ್ನೂ ಆಳಕ್ಕೆ ಅಗೆದ.

ಆಗ ಕಂಡರು ಕನಾಮೊರಿ ತಾತ. ಗುಡ್ಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಅಳುತ್ತಿದ್ದರು. "ನಾನೇ ಕೊಂದೆ. ಅಂಗಳದಲ್ಲಿ ಮಲಗಿದ್ರೋ ಏನೋ, ಕಣ್ಣು ಮಂಜು, ಕಾಣ್ಲಿಲ್ಲ. ಯಂತ್ರ ಹಾಯಿಸ್ಬಿಟ್ಟೆ." ಪಕ್ಕದಲ್ಲಿ ಚಿಜುರು, ಶಾಲೆಯ ಅಡುಗೆಮನೆಯ ಏಪ್ರನ್‌ನಲ್ಲೇ ಓಡಿ ಬಂದವಳು, ಮುಖ ಬೆಳ್ಳಗಾಗಿ, ಆದರೂ ಅವರ ಬೆನ್ನು ಸವರುತ್ತ ಕೂತಿದ್ದಳು.

ಮಿತೋಬೆಗೆ ತಡೆಯಲಾಗಲಿಲ್ಲ. ಸಲಿಕೆ ಎಸೆದು ಓಡಿ ಹೋಗಿ ತಾತನ ಎದುರು ಮೊಣಕಾಲೂರಿದ. ಬಟ್ಟೆ, ಕನ್ನಡಕ, ಹೆಲ್ಮೆಟ್ಟು ಎಲ್ಲ ಕಿತ್ತು ಹಾಕಿದ.

"ತಾತ, ನೋಡಿ, ನಾನು ಮಿತೋಬೆ!"

ತಾತ ಕಣ್ಣೊರೆಸಿಕೊಂಡು ನೋಡಿದರು. "ನಿಮಗೂ ಸುದ್ದಿ ಮುಟ್ತಾ ಮಿತೋಬೆಯವರೇ? ಬನ್ನಿ, ನೀವೂ ಒಂದು ಕೈ ಹಾಕಿ," ಎಂದರು. ಆಮೇಲೆ ಅವರ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

ಚಿಜುರು ಮೊದಲು ಗಂಡನನ್ನು ತಬ್ಬಿಕೊಂಡಳು. ಆಮೇಲೆ ಹಿಮದ ಉಂಡೆ ಮಾಡಿ ಅವನ ಎದೆಗೆ ಹೊಡೆದಳು. ಅದೇ ಹೊತ್ತಿಗೆ ಗುಡ್ಡೆಯ ಮೇಲಿಂದ ಯಾರೋ ಕೂಗಿದರು: "ಸಿಕ್ತು! ಆದ್ರೆ... ಊಟದ ಡಬ್ಬಿ!"

ಊರೆಲ್ಲ ಸುತ್ತ ನೆರೆಯಿತು. ಮಿತೋಬೆ ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದ. ಯಾರೂ ನಗಲಿಲ್ಲ. ನಾಗುಮೊ ಟೀಚರ್ ಇನ್ನೂ ಬಾಯಿ ಬಿಟ್ಟಿರಲಿಲ್ಲವಲ್ಲ.

ಟೀಚರ್ ಅವನ ಕಿತ್ತಳೆ ಕೋಟನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಲರಿಗಿಂತ ಮುಂದೆ ನಿಂತು ಅಗೀತಿದ್ದೋರು ನೀವೇನಾ?"

"ಹೌದು ಟೀಚರ್. ತಪ್ಪಾಯ್ತು."

"ತಪ್ಪೇನು? ಅಷ್ಟು ಚೆನ್ನಾಗಿ ಅಗಿಯೋರನ್ನ ನಾನು ನೋಡೇ ಇಲ್ಲ. ಚೀಲ ತೋರಿಸೋದು ಬೇಡ. ನೀವು ಪಾಸು."

ಮಿತೋಬೆ ಬಗ್ಗಿ ವಂದಿಸುವಷ್ಟರಲ್ಲಿ ಇಬುಕಿ ಮುಂದೆ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಟೀಚರೇ ಹೀಗೆ ಅಂದ್ಮೇಲೆ ಯೋಚ್ನೆ ಯಾಕೆ? ಮಿತೋಬೆಯವರೇ, ಇವತ್ತಿಂದ ನೀವು ನಮ್ಮ ರಕ್ಷಣಾ ತಂಡ. ಒಬ್ಬರು ಕಮ್ಮಿ ಇದ್ರು. ಇಲ್ಲ ಅನ್ಬೇಡಿ."

ಜನ ಚಪ್ಪಾಳೆ ತಟ್ಟಿದರು. ಕನಾಮೊರಿ ತಾತ ಮತ್ತೆ ಅತ್ತರು, ಈ ಸಲ ಸಂತೋಷಕ್ಕೆ. ಇಡೀ ಊರನ್ನು ಅಷ್ಟು ಹೊತ್ತು ಅಗೆಸಿದವನು ಇಲ್ಲ ಅನ್ನುವುದಾದರೂ ಹೇಗೆ? ಮಿತೋಬೆ ಒಪ್ಪಿಕೊಂಡ. ನಿಜ ಹೇಳಬೇಕೆಂದರೆ ಅವನಿಗೂ ಹೆಮ್ಮೆಯೆನಿಸಿತ್ತು.

"ಹಾಗಾದ್ರೆ ನಾಳೆ ಬೆಟ್ಟದಲ್ಲಿ ಸಿಗೋಣ," ಎಂದ.

"ನಾಳೆಯಾ?" ಇಬುಕಿ ಆಕಾಶ ನೋಡಿದರು. "ರಾತ್ರಿ ಒಳ್ಳೆ ಹಿಮ ಬೀಳತ್ತೆ. ಹೊಸ ಹಿಮ ಬಿದ್ದ ದಿನ ನಮ್ಮ ತಂಡದೋರು ಊರು ಬಿಡೋ ಹಾಗಿಲ್ಲ. ಬೆಟ್ಟದಲ್ಲಿ ಯಾರಿಗೆ ಏನಾಗತ್ತೋ, ಠಾಣೆಯಲ್ಲಿ ಫೋನಿನ ಪಕ್ಕ ಕೂತಿರ್ಬೇಕು."

"ಹೊಸ ಹಿಮ ಬೀಳದ ದಿನ?"

"ಅಂಥ ದಿನ ಬೆಟ್ಟಕ್ಕೆ ಹೋಗಿ ಏನು ಮಾಡ್ತೀರಿ? ಗಟ್ಟಿ ಹಿಮ, ಒಬ್ರೂ ಹೋಗಲ್ಲ."

ಮರುದಿನ ಬೆಳಗಾದಾಗ ಊರಿನ ಮೇಲೆ ಅಕ್ಕಿಹಿಟ್ಟು ಜರಡಿ ಹಿಡಿದಂತೆ ಹಿಮ ಬಿದ್ದಿತ್ತು. ಅಷ್ಟು ನುಣುಪಾದ ಹಿಮ ಆ ವರ್ಷ ಬಿದ್ದಿರಲಿಲ್ಲ. ಬೆನ್ನಿಗೆ ಹಲಗೆ ಕಟ್ಟಿಕೊಂಡು ಬೆಟ್ಟಕ್ಕೆ ಹೊರಟವರ ಗುಂಪು ರಕ್ಷಣಾ ಠಾಣೆಯ ಮುಂದೆ ಹಾದುಹೋಯಿತು. ಕಿಟಕಿಯೊಳಗೆ ಫೋನಿನ ಪಕ್ಕ ಕೂತಿದ್ದ ಮಿತೋಬೆಗೆ ನಾಗುಮೊ ಟೀಚರ್ ಕೈ ಬೀಸಿದರು.

"ಮಿತೋಬೆಯವರೇ, ಕೆಳಗೆ ನೀವಿದ್ದೀರಿ ಅನ್ನೋ ಧೈರ್ಯದ ಮೇಲೆ ಈ ಸಲ ಊರೋರೆಲ್ಲಾ ಹೊರಟಿದ್ದೀವಿ!"